ಒಂದೇ ಕಂಪ್ಯೂಟರಿನಲ್ಲಿ ಹಳೆ ಆಫೀಸ್, ಹೊಸ ಆಫೀಸ್: ಎರಡನ್ನೂ ಜಗಳವಿಲ್ಲದೆ ಓಡಿಸುವುದು ಹೇಗೆ

ಮೈಕ್ರೋಸಾಫ್ಟ್ ಆಫೀಸ್ 2003 ಮತ್ತು ಈಗಿನ ಆಫೀಸ್ 2021, 2024 ಅಥವಾ ಮೈಕ್ರೋಸಾಫ್ಟ್ 365 ಒಂದೇ ವಿಂಡೋಸ್ ಕಂಪ್ಯೂಟರಿನಲ್ಲಿ ಇರಬಹುದಾ? ಇರಬಹುದು. ಮೈಕ್ರೋಸಾಫ್ಟ್ ಇದನ್ನು ಮಾಡಿ ಅಂತ ಹೇಳುವುದಿಲ್ಲ, ಆದರೆ ಮಾಡಿಕೊಂಡು ಕೆಲಸ ನಡೆಸುತ್ತಿರುವವರು ಜಾಸ್ತಿ ಜನ ಇದ್ದಾರೆ. ಟೈಪಿಂಗ್ ಅಂಗಡಿ, ವಕೀಲರ ಕಚೇರಿ, ಲೆಕ್ಕಪತ್ರ ನೋಡುವವರ ಮೇಜು, ಪ್ರಶ್ನೆಪತ್ರಿಕೆ ತಯಾರಿಸುವ ಮೇಷ್ಟ್ರ ಮನೆ, ಇಂಥ ಕಡೆ ಹಳೆ ವರ್ಡ್ ಇನ್ನೂ ಉಸಿರಾಡುತ್ತಿದೆ.

ಇಲ್ಲಿ ಆಫೀಸ್ 2003 ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2007 ಅಥವಾ 2010 ಇರುವವರಿಗೂ ಕ್ರಮ ಹೆಚ್ಚು ಕಡಿಮೆ ಇದೇ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಹಳೆಯದು ನಿಜವಾಗಿ ಬೇಕಾ?

ಸಿಡಿ ಹುಡುಕುವ ಮೊದಲು ಇದನ್ನು ತೀರ್ಮಾನ ಮಾಡಿ. ಹಳೆ ಆಫೀಸ್ ಬೇಕು ಅನ್ನುವವರಲ್ಲಿ ಬಹಳ ಮಂದಿಗೆ ಬೇಕಾಗಿರುವುದು ಹಳೆ ಆಫೀಸ್ ಅಲ್ಲ, ಹಳೆ ಫಾಂಟ್.

ನಮ್ಮಲ್ಲಿ ತುಂಬಾ ಕಾಣುವ ಉದಾಹರಣೆ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನದು. ಹಿಂದೆ ನುಡಿಯಲ್ಲಿ ಟೈಪ್ ಮಾಡಿದ ಒಂದು ಅರ್ಜಿಯನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತೀರಿ. ‘ಕನ್ನಡ’ ಅಂತ ಇರಬೇಕಾದ ಕಡೆ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಬೀಟಾದಂಥ ಅಕ್ಷರ, ಚಿಕ್ಕ ಕ್ಯೂ, ಇನ್ನೊಂದು ಗೀಟಿನ ಎ ಕಾಣುತ್ತವೆ. ಹೊಸ ವರ್ಡ್ ಫೈಲನ್ನು ಹಾಳು ಮಾಡಿತು ಅಂದುಕೊಳ್ಳುತ್ತೇವೆ. ಹಾಗೇನೂ ಆಗಿಲ್ಲ. ಆ ಫೈಲಿನಲ್ಲಿ ಮೊದಲಿನಿಂದಲೂ ಇದ್ದದ್ದು ಆ ಇಂಗ್ಲಿಷ್ ಅಕ್ಷರಗಳೇ. ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದದ್ದು ‘ನುಡಿ 01 ಇ’ ಥರದ ಫಾಂಟ್. ಆ ಫಾಂಟ್ ಹಾಕಿದರೆ ಹೊಸ ವರ್ಡಿನಲ್ಲೂ ಕನ್ನಡವೇ ಕಾಣುತ್ತದೆ. ‘ಬರಹ’ ಅನ್ನುವ ಇನ್ನೊಂದು ಟೈಪಿಂಗ್ ಸಾಫ್ಟ್‌ವೇರಿನ ‘ಬಿಆರ್‌ಹೆಚ್ ಕನ್ನಡ’ ಫಾಂಟಿನ ಕತೆಯೂ ಇದೇ.

ಹೀಗೆ ನೋಡಿ:

1. ಗಜಿಬಿಜಿ ಕಾಣುವ ಸಾಲಿನ ಮೇಲೆ ಕ್ಲಿಕ್ ಮಾಡಿ. ಮೇಲೆ ಹೋಮ್ ಟ್ಯಾಬಿನಲ್ಲಿ ಫಾಂಟ್ ಹೆಸರು ಏನಿದೆ ನೋಡಿ. ಫಾಂಟ್ ಇಲ್ಲದಿದ್ದರೂ ವರ್ಡ್ ಅದರ ಹೆಸರನ್ನು ತೋರಿಸುತ್ತದೆ.
2. ಆ ಫಾಂಟನ್ನು ಹಳೆ ಕಂಪ್ಯೂಟರಿನ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನಕಲು ಮಾಡಿ ತನ್ನಿ. ಇಲ್ಲವೇ ನುಡಿ ಅಥವಾ ಬರಹವನ್ನೇ ಇನ್‌ಸ್ಟಾಲ್ ಮಾಡಿ.
3. ಫಾಂಟ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ. ವರ್ಡ್ ಮುಚ್ಚಿ ಮತ್ತೆ ತೆರೆಯಿರಿ.

ಫಾಂಟ್ ಹಾಕಿದ ಮೇಲೂ ಒಂದು ತೊಂದರೆ ಉಳಿಯುತ್ತದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನುಡಿ ಫಾಂಟಿನಲ್ಲಿ ಟೈಪ್ ಮಾಡುವಾಗ ವರ್ಡ್ ಅದನ್ನು ಇಂಗ್ಲಿಷ್ ಅಂತಲೇ ತಿಳಿಯುತ್ತದೆ. ವಾಕ್ಯದ ಮೊದಲ ಅಕ್ಷರ ಚಿಕ್ಕದಾಗಿದ್ದರೆ ತಾನಾಗಿ ದೊಡ್ಡದು ಮಾಡುತ್ತದೆ. ಇಂಗ್ಲಿಷಿನಲ್ಲಿ ಅದು ಉಪಕಾರ. ನುಡಿಯಲ್ಲಿ ಅಕ್ಷರವೇ ಬದಲಾಗಿ ಹೋಗುತ್ತದೆ. ಹಳೆ ವರ್ಡಿನಲ್ಲಿ ಇದನ್ನು ಯಾರೋ ಯಾವತ್ತೋ ಆಫ್ ಮಾಡಿಟ್ಟಿದ್ದರು, ಹೊಸದರಲ್ಲಿ ಮತ್ತೆ ಆನ್ ಇದೆ, ಅಷ್ಟೇ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್ ಅಂತ ಹೋಗಿ. ಅಲ್ಲಿ ದೊಡ್ಡಕ್ಷರಕ್ಕೆ ಸಂಬಂಧಪಟ್ಟ ಟಿಕ್ ಎಲ್ಲವನ್ನೂ ತೆಗೆಯಿರಿ. ‘ರಿಪ್ಲೇಸ್ ಟೆಕ್ಸ್ಟ್ ಆಸ್ ಯೂ ಟೈಪ್’ ಅನ್ನುವುದನ್ನೂ ತೆಗೆಯಿರಿ. ಪಕ್ಕದ ‘ಆಟೋಫಾರ್ಮ್ಯಾಟ್ ಆಸ್ ಯೂ ಟೈಪ್’ ಟ್ಯಾಬಿನಲ್ಲಿ ಸ್ಮಾರ್ಟ್ ಕೋಟ್ಸ್ ಟಿಕ್ ತೆಗೆಯಿರಿ. ‘ಹೊಸ ವರ್ಡ್ ಸರಿ ಇಲ್ಲ, ಅಕ್ಷರ ನುಂಗುತ್ತೆ’ ಅನ್ನುವ ದೂರು ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ.

ಯೂನಿಕೋಡಿನಲ್ಲಿ (ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ವಿಧಾನ), ತುಂಗಾ ಫಾಂಟ್ ಬಳಸಿ ಮಾಡಿದ ಫೈಲಾದರೆ ಓದಲು ಬರುತ್ತದೆ, ಆದರೆ ಪುಟಗಳ ಲೆಕ್ಕ ತಪ್ಪುತ್ತದೆ. ನಾಲ್ಕು ಪುಟದ ಕರಾರು ಐದಾಗುತ್ತದೆ, ಸಹಿ ಹಾಕುವ ಜಾಗ ಮುಂದಿನ ಪುಟಕ್ಕೆ ಜಾರುತ್ತದೆ. ಕಾರಣ ಇಷ್ಟೇ: ವಿಂಡೋಸ್ ಎಕ್ಸ್‌ಪಿಯಿಂದ ಜೊತೆಗೇ ಬರುತ್ತಿದ್ದ ತುಂಗಾ, ವಿಂಡೋಸ್ 10ರಿಂದ ಈಚೆಗೆ ಎಲ್ಲ ಕಂಪ್ಯೂಟರಿನಲ್ಲೂ ತಾನಾಗಿ ಇರುವುದಿಲ್ಲ. ಅದರ ಜಾಗದಲ್ಲಿ ನಿರ್ಮಲಾ ಕೂತುಕೊಳ್ಳುತ್ತದೆ. ಸೆಟ್ಟಿಂಗ್ಸ್ ತೆರೆದು ‘ಆಪ್ಷನಲ್ ಫೀಚರ್ಸ್’ ಅಂತ ಹುಡುಕಿ, ಅಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ. ತುಂಗಾ ವಾಪಸ್ ಬರುತ್ತದೆ, ಪುಟಗಳೂ ಬಹುಮಟ್ಟಿಗೆ ಮೊದಲಿನ ಜಾಗಕ್ಕೆ ಕೂರುತ್ತವೆ.

ಹಾಗಾದರೆ ಹಳೆ ಆಫೀಸ್ ಯಾರಿಗೆ ನಿಜವಾಗಿ ಬೇಕು?

ಹಳೆ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ, ಇರುವವರಿಗೆ. ಇದರಲ್ಲೂ ಒಂದು ಪರೀಕ್ಷೆ ಬಾಕಿ ಇದೆ. ಈಗಿನ ಆಫೀಸ್ 32 ಬಿಟ್, 64 ಬಿಟ್ ಅಂತ ಎರಡು ಬಗೆಯಲ್ಲಿ ಬರುತ್ತದೆ. ಹೊಸ ಆಫೀಸ್ 64 ಬಿಟ್‌ನದಾದರೆ, 32 ಬಿಟ್ ಕಾಲದಲ್ಲಿ ಬರೆದ ಕೆಲವು ಮ್ಯಾಕ್ರೋ ಮತ್ತು ಕ್ಯಾಲೆಂಡರ್ ಥರದ ಆಕ್ಟಿವ್‌ಎಕ್ಸ್ ಬಟನ್‌ಗಳು ಅದರಲ್ಲಿ ನಡೆಯುವುದಿಲ್ಲ. ಹೊಸ ಆಫೀಸನ್ನೇ 32 ಬಿಟ್‌ನಲ್ಲಿ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಅದೂ ಆಗದಿದ್ದರೆ ಮಾತ್ರ ಹಳೆಯದು.

ಗಣಿತ, ಭೌತಶಾಸ್ತ್ರದ ಪ್ರಶ್ನೆಪತ್ರಿಕೆ ಇಟ್ಟುಕೊಂಡಿರುವವರಿಗೂ ಬೇಕಾಗಬಹುದು. ಹಳೆ ವರ್ಡಿನ ‘ಇಕ್ವೇಷನ್ ಎಡಿಟರ್ 3.0’ ಅನ್ನು ಮೈಕ್ರೋಸಾಫ್ಟ್ 2018ರ ಜನವರಿಯಲ್ಲಿ ತೆಗೆದುಹಾಕಿತು. ಅದರೊಳಗೆ ದೊಡ್ಡ ಭದ್ರತಾ ತೂತು ಸಿಕ್ಕಿತ್ತು. ಆಮೇಲಿನಿಂದ ಹಳೆ ಸಮೀಕರಣಗಳು ಚಿತ್ರದ ಹಾಗೆ ಕಾಣುತ್ತವೆ, ಒಳಗೆ ಹೋಗಿ ಒಂದು ಅಂಕಿ ಬದಲಿಸೋಣ ಅಂದರೆ ಎಡಿಟರ್ ತೆರೆಯುವುದಿಲ್ಲ.

ಮೂರನೆಯವರು, ರಿಬ್ಬನ್, ಅಂದರೆ ಹಳೆ ಮೆನು ಬದಲು ಬಂದ ಮೇಲಿನ ಬಟನ್ ಪಟ್ಟಿ, ಕಂಡರೆ ಆಗದವರು. ಇಪ್ಪತ್ತು ವರ್ಷ ಆಲ್ಟ್ ಒತ್ತಿ ಮೆನುವಿನಲ್ಲಿ ಓಡಾಡಿದ ಬೆರಳು ಸುಲಭಕ್ಕೆ ಬದಲಾಗುವುದಿಲ್ಲ. ಅದನ್ನು ನಾನು ಸಣ್ಣ ಕಾರಣ ಅನ್ನುವುದಿಲ್ಲ.

ಯಾವುದರ ಜೊತೆ ಯಾವುದು ಕೂರುತ್ತದೆ

ಪೆಟ್ಟಿಗೆ ಮೇಲಿನ ವರ್ಷಕ್ಕಿಂತ ಆಫೀಸಿನ ಒಳಗಿನ ನಂಬರ್ ಮುಖ್ಯ. ಆಫೀಸ್ 2003 ಅಂದರೆ 11. 2007 ಅಂದರೆ 12. 2010 ಅಂದರೆ 14. ನಡುವಿನ 13ನ್ನು ಅಪಶಕುನ ಅಂತ ಬಿಟ್ಟರು. 2013 ಅಂದರೆ 15. ಆಮೇಲಿನ 2016, 2019, 2021, 2024, ಮೈಕ್ರೋಸಾಫ್ಟ್ 365 ಎಲ್ಲವೂ 16.

ಇದರಿಂದ ಮೊದಲ ನಿಯಮ ಸಿಗುತ್ತದೆ. ಒಳಗಿನ ನಂಬರ್ ಒಂದೇ ಆಗಿದ್ದರೆ ಎರಡನ್ನು ಒಟ್ಟಿಗೆ ಇಡಲು ನೋಡಬೇಡಿ. ಆಫೀಸ್ 2019 ಇರುವ ಕಂಪ್ಯೂಟರಿಗೆ 365 ಸೇರಿಸಿ ಎರಡನ್ನೂ ಉಳಿಸಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. 2003 ಮತ್ತು 2021 ಆಗುತ್ತದೆ.

ಎರಡನೆಯದು ಬಿಟ್ ಲೆಕ್ಕ. 32 ಬಿಟ್ ಮತ್ತು 64 ಬಿಟ್ ಆಫೀಸ್ ಒಂದೇ ಕಂಪ್ಯೂಟರಿನಲ್ಲಿ ಸೇರುವುದಿಲ್ಲ, ಇನ್‌ಸ್ಟಾಲ್ ಮಾಡುವಾಗಲೇ ತಡೆಯುತ್ತದೆ. 64 ಬಿಟ್ ಆಫೀಸ್ ಶುರುವಾದದ್ದೇ 2010ರಲ್ಲಿ. ಅಂದರೆ 2003 ಅಥವಾ 2007 ಉಳಿಸಿಕೊಳ್ಳಬೇಕಾದರೆ ಹೊಸ ಆಫೀಸ್ ಕೂಡ 32 ಬಿಟ್‌ನದೇ ಆಗಬೇಕು. ನಿಮ್ಮ ವಿಂಡೋಸ್ 64 ಬಿಟ್ ಇದ್ದರೂ ತೊಂದರೆ ಇಲ್ಲ, ಅದು ಎರಡನ್ನೂ ಓಡಿಸುತ್ತದೆ.

ಮೂರನೆಯದು ಔಟ್‌ಲುಕ್. ಹಳೆಯದೊಂದು, ಹೊಸದೊಂದು ಇಡಲು ಬರುವುದಿಲ್ಲ. ಹಳೆ ಆಫೀಸ್ ಹಾಕುವಾಗ ಔಟ್‌ಲುಕ್ ಬಿಟ್ಟುಬಿಡಿ.

ತೀರಾ ಹಳೆಯ ವರ್ಡ್ 6.0, ವಿಂಡೋಸ್ 3.1ರ ಕಾಲದ್ದು, 16 ಬಿಟ್‌ನದು. 64 ಬಿಟ್ ವಿಂಡೋಸಿನಲ್ಲಿ ಅದು ಏಳುವುದೇ ಇಲ್ಲ. ಅದಕ್ಕೆ ಕೊನೆಯಲ್ಲಿ ಹೇಳುವ ವರ್ಚುವಲ್ ಮಷೀನೇ ಗತಿ.

ಇನ್‌ಸ್ಟಾಲ್ ಮಾಡುವ ಕ್ರಮ

ಹಳೆಯದು ಮೊದಲು, ಹೊಸದು ಆಮೇಲೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಹೊಸ ಆಫೀಸ್ ಮೊದಲೇ ಕೂತಿರುತ್ತದೆ, ಅದೂ ಸಾಮಾನ್ಯವಾಗಿ 64 ಬಿಟ್. ವರ್ಡ್ ತೆರೆದು ಫೈಲ್, ಅಕೌಂಟ್, ಅಬೌಟ್ ವರ್ಡ್ ಒತ್ತಿದರೆ ಮೇಲಿನ ಸಾಲಿನಲ್ಲೇ ಎಷ್ಟು ಬಿಟ್ ಅಂತ ಬರೆದಿರುತ್ತದೆ. 64 ಅಂತಿದ್ದರೆ ಅದನ್ನು 32ಕ್ಕೆ ಬದಲಿಸುವ ಬಟನ್ ಇಲ್ಲ. ತೆಗೆದು ಮತ್ತೆ ಹಾಕಬೇಕು. ತೆಗೆಯುವ ಮುಂಚೆ ಅದು ಯಾವ ಇಮೇಲ್ ಖಾತೆಗೆ ಸೇರಿದೆ ಅಂತ ಅದೇ ಅಕೌಂಟ್ ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಅಂಗಡಿಯವರು ತಮ್ಮದೇ ಯಾವುದೋ ಖಾತೆಯಲ್ಲಿ ಆಕ್ಟಿವೇಟ್ ಮಾಡಿಕೊಟ್ಟಿದ್ದರೆ, ಮತ್ತೆ ಹಾಕುವ ಹೊತ್ತಿಗೆ ಪರದಾಡಬೇಕಾಗುತ್ತದೆ.

ಈಗ ಕೆಲಸಕ್ಕೆ ಇಳಿಯೋಣ.

1. ಬ್ಯಾಕಪ್. ಫೈಲುಗಳಷ್ಟೇ ಸಾಲದು. ಹಳೆ ಕಂಪ್ಯೂಟರಿನ ‘ನಾರ್ಮಲ್ ಡಾಟ್’ ಟೆಂಪ್ಲೇಟ್ ಫೈಲ್ ಮತ್ತು ಎಕ್ಸೆಲಿನ ‘ಪರ್ಸನಲ್’ ಫೈಲನ್ನೂ ನಕಲು ಮಾಡಿ. ನಿಮ್ಮ ಮ್ಯಾಕ್ರೋಗಳು ಇರುವುದು ಅವುಗಳಲ್ಲಿ. ವಿಂಡೋಸಿನಲ್ಲಿ ಒಂದು ರಿಸ್ಟೋರ್ ಪಾಯಿಂಟ್ ಕೂಡ ಮಾಡಿಡಿ.

2. ಹೊಸ ಆಫೀಸ್ ಇದ್ದರೆ ಕಂಟ್ರೋಲ್ ಪ್ಯಾನೆಲಿನಿಂದ ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

3. ಆಫೀಸ್ 2003 ಸಿಡಿಯನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ ಅಲ್ವಾ. ನಿಮ್ಮದೇ ಸಿಡಿ, ನಿಮ್ಮದೇ ಕೀ ಇರಲಿ. ಎಲ್ಲೋ ಸಿಕ್ಕ ‘ಫುಲ್ ವರ್ಷನ್’ ಇಳಿಸಿಕೊಂಡರೆ ಅದರ ಜೊತೆ ಇನ್ನೇನು ಬರುತ್ತದೋ ದೇವರೇ ಬಲ್ಲ.

4. ಸೆಟಪ್ ಓಡಿಸಿ, ‘ಕಸ್ಟಮ್ ಇನ್‌ಸ್ಟಾಲ್’ ಆರಿಸಿ. ವರ್ಡ್ ಮತ್ತು ಎಕ್ಸೆಲ್ ಮಾತ್ರ ಇಡಿ. ‘ಚೂಸ್ ಅಡ್ವಾನ್ಸ್ಡ್ ಕಸ್ಟಮೈಸೇಷನ್’ ಅನ್ನುವ ಚೌಕಕ್ಕೆ ಟಿಕ್ ಹಾಕಿ ಮುಂದೆ ಹೋಗಿ. ಅಲ್ಲಿ ಒಂದೊಂದರ ಪಕ್ಕದ ಚಿಹ್ನೆ ಒತ್ತಿ ‘ರನ್ ಆಲ್ ಫ್ರಮ್ ಮೈ ಕಂಪ್ಯೂಟರ್’ ಮಾಡಿ. ‘ಇನ್‌ಸ್ಟಾಲ್ಡ್ ಆನ್ ಫಸ್ಟ್ ಯೂಸ್’ ಅಂತ ಬಿಟ್ಟರೆ, ಯಾವತ್ತೋ ಅರ್ಜೆಂಟ್ ಕೆಲಸದ ನಡುವೆ ಸಿಡಿ ಹಾಕಿ ಅಂತ ಕೇಳುತ್ತದೆ.

5. ಕೊನೆಯ ಪರದೆಯಲ್ಲಿ ‘ಇನ್‌ಸ್ಟಾಲೇಷನ್ ಫೈಲುಗಳನ್ನು ಅಳಿಸಲೇ’ ಅನ್ನುವ ಚೌಕ ಇರುತ್ತದೆ. ಟಿಕ್ ಹಾಕಬೇಡಿ. ಆ ಫೈಲುಗಳು ಸಿ ಡ್ರೈವಿನಲ್ಲಿ ಅಡಗಿರುವ ‘ಎಂಎಸ್ಒ ಕ್ಯಾಶ್’ ಫೋಲ್ಡರಿನಲ್ಲಿ ಇರುತ್ತವೆ. ಮುಂದೆ ರಿಪೇರಿಗೆ ಅವೇ ಬೇಕು. ಜಾಗ ಉಳಿಸಲು ಆ ಫೋಲ್ಡರನ್ನು ಡಿಲೀಟ್ ಮಾಡುವವರೂ ಇದ್ದಾರೆ, ಹಾಗೆ ಮಾಡಬೇಡಿ.

6. ಸರ್ವಿಸ್ ಪ್ಯಾಕ್ 3 ಇಟ್ಟುಕೊಂಡಿದ್ದರೆ ಈಗಲೇ ಹಾಕಿ. ಹಳೆ ವರ್ಡ್ ತೆರೆದು, ಆಕ್ಟಿವೇಟ್ ಆಗುತ್ತದೋ ನೋಡಿ, ಒಂದು ಫೈಲ್ ತೆರೆದು ಪ್ರಿಂಟ್ ಕೊಟ್ಟು ನೋಡಿ. ಇಲ್ಲಿ ಸರಿ ಹೋಗದಿದ್ದರೆ ಮುಂದಿನದಕ್ಕೆ ಹೋಗಬೇಡಿ.

7. ಈಗ ಹೊಸ ಆಫೀಸ್. ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ನೇರವಾಗಿ ‘ಇನ್‌ಸ್ಟಾಲ್’ ಒತ್ತಿದರೆ 64 ಬಿಟ್ ಬರುತ್ತದೆ. ಅಲ್ಲೇ ‘ಅದರ್ ಆಪ್ಷನ್ಸ್’ ಒಳಗೆ ಹೋಗಿ 32 ಬಿಟ್ ಆರಿಸಿ.

ಕಚೇರಿಯಲ್ಲಿ ನಾಲ್ಕಾರು ಕಂಪ್ಯೂಟರಿಗೆ ಹಾಕುವವರು ‘ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್’ ಬಳಸುತ್ತಾರೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಹಳೆಯ ಎಂಎಸ್ಐ (ಸಿಡಿ ಸೆಟಪ್ಪಿನ ರೀತಿಯಲ್ಲಿ ಕೂರುವ) ಆಫೀಸುಗಳನ್ನು ತೆಗೆದುಹಾಕುವ ‘ರಿಮೂವ್ ಎಂಎಸ್ಐ’ ಅನ್ನುವ ಸಾಲು ಇರಬಾರದು. ಅದೊಂದು ಸಾಲು ಇದ್ದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರಲ್ಲಿ ಹೋಮ.

2016ರ ಎಂಎಸ್ಐ ಪ್ರತಿ ಇರುವ ಕಂಪ್ಯೂಟರಿನಲ್ಲಿ ಹೊಸದನ್ನು ಹಾಕಲು ಹೋದರೆ ‘ಕ್ಲಿಕ್ ಟು ರನ್’ (ಹೊಸ ಆಫೀಸ್ ಇನ್‌ಸ್ಟಾಲ್ ಆಗುವ ರೀತಿ) ತೊಂದರೆ ಅಂತ ಒಂದು ಸಂದೇಶ ಬಂದು ನಿಲ್ಲುತ್ತದೆ. ಎರಡೂ 16, ಅದಕ್ಕೆ. ಅಲ್ಲಿ ಒಂದನ್ನು ಬಿಟ್ಟುಕೊಡುವುದೇ ದಾರಿ. ಹೇಗೂ 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ.

ಪ್ರತಿ ಸಲ ‘ಕಾನ್ಫಿಗರ್’ ಆಗುವ ಕಾಟ

ಎರಡೂ ಹಾಕಿ ಮುಗಿಸಿದಿರಿ. ಹೊಸ ವರ್ಡ್ ಮುಚ್ಚಿ ಹಳೆಯದು ತೆರೆದಿರಿ. ‘ದಯವಿಟ್ಟು ಕಾಯಿರಿ, ವಿಂಡೋಸ್ ಆಫೀಸನ್ನು ಕಾನ್ಫಿಗರ್ ಮಾಡುತ್ತಿದೆ’ ಅನ್ನುವ ಅರ್ಥದ ಒಂದು ಪೆಟ್ಟಿಗೆ, ಅದರಲ್ಲಿ ತೆವಳುವ ಹಸಿರು ಪಟ್ಟಿ. ಹೊಸದನ್ನು ತೆರೆದರೆ ಮತ್ತೆ ಅದೇ ಪಾಡು.

ಇದು ಯಾಕೆ ಆಗುತ್ತದೆ ಅಂದರೆ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ‘ವರ್ಡ್’ ಅನ್ನುವವನಿಗೆ ಒಂದೇ ವಿಳಾಸ. ಎಲ್ಲ ವರ್ಷನ್‌ಗಳೂ ಅದೇ ವಿಳಾಸವನ್ನು ಬಳಸುತ್ತವೆ. ಒಂದೇ ಬಾಗಿಲಿಗೆ ಇಬ್ಬರು ಬಾಡಿಗೆದಾರರು, ಒಳಗೆ ಬಂದವನು ಪ್ರತಿ ಸಲ ಇನ್ನೊಬ್ಬನ ಬೋರ್ಡ್ ಕಿತ್ತು ತನ್ನದು ತೂಗುಹಾಕಿದ ಹಾಗೆ. ವರ್ಡಿಗೆ ‘ಬೋರ್ಡ್ ಮುಟ್ಟಬೇಡ’ ಅಂತ ಹೇಳುವ ಒಂದು ಸೆಟ್ಟಿಂಗ್ ಇದೆ.

ಹೀಗೆ ಮಾಡಿ. ಎರಡೂ ವರ್ಡ್ ಮುಚ್ಚಿ. ಸ್ಟಾರ್ಟ್ ಒತ್ತಿ ‘ರಿಜಿಸ್ಟ್ರಿ ಎಡಿಟರ್’ ಅಂತ ಹುಡುಕಿ ತೆರೆಯಿರಿ. ಏನನ್ನೂ ಮುಟ್ಟುವ ಮೊದಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಒತ್ತಿ ಒಂದು ಪ್ರತಿ ಉಳಿಸಿಕೊಳ್ಳಿ. ಎಡಗಡೆ ಪಟ್ಟಿಯಲ್ಲಿ ಒಂದೊಂದಾಗಿ ಬಿಡಿಸುತ್ತಾ ಹೋಗಿ: ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, 11.0, ವರ್ಡ್, ಆಪ್ಷನ್ಸ್. ಬಲಗಡೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ನ್ಯೂ, ‘32 ಬಿಟ್ ಡಿವರ್ಡ್’. ಹೆಸರು ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ, ನಡುವೆ ಸ್ಪೇಸ್ ಬೇಡ: ಎನ್, ಓ, ಆರ್, ಇ, ಆರ್, ಇ, ಜಿ. ‘ನೋ ರೀ ರೆಜ್’, ಅಂದರೆ ಮತ್ತೆ ರಿಜಿಸ್ಟರ್ ಮಾಡಬೇಡ ಅಂತ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ‘ವ್ಯಾಲ್ಯೂ’ ಜಾಗದಲ್ಲಿ 1 ಹಾಕಿ.

ಇದೇ ಕೆಲಸವನ್ನು 16.0 ಕೆಳಗಿನ ವರ್ಡ್, ಆಪ್ಷನ್ಸ್ ಒಳಗೂ ಮಾಡಿ. 2007 ಇದ್ದರೆ 12.0, 2010 ಇದ್ದರೆ 14.0. ಈ ಸೆಟ್ಟಿಂಗ್ ಬಳಕೆದಾರರಿಗೆ ಒಬ್ಬೊಬ್ಬರಿಗೂ ಬೇರೆ. ಕಂಪ್ಯೂಟರಿನಲ್ಲಿ ಎರಡು ಲಾಗಿನ್ ಇದ್ದರೆ ಎರಡರಲ್ಲೂ ಮಾಡಬೇಕು.

ಎಕ್ಸೆಲ್ ಇಷ್ಟು ತರಲೆ ಮಾಡುವುದಿಲ್ಲ. ಆಫೀಸಿನ ಡೇಟಾಬೇಸ್ ಪ್ರೋಗ್ರಾಂ ಆಕ್ಸೆಸ್ ಮಾಡುತ್ತದೆ, ಅದನ್ನು ಎರಡೆರಡು ವರ್ಷನ್ ಇಟ್ಟುಕೊಳ್ಳುವುದಾದರೆ ನನ್ನ ಸಲಹೆ ನೇರವಾಗಿ ವರ್ಚುವಲ್ ಮಷೀನ್.

ಡಬಲ್ ಕ್ಲಿಕ್ ಮಾಡಿದರೆ ಯಾರು ಏಳಬೇಕು?

ಎಲ್ಲರೂ ಮೊದಲು ಮಾಡುವುದು ಇದು: ಹಳೆ ಡಾಕ್ ಫೈಲಿನ ಮೇಲೆ ರೈಟ್ ಕ್ಲಿಕ್, ಓಪನ್ ವಿತ್, ಹಳೆ ವರ್ಡಿನ ಫೋಲ್ಡರಿಗೆ ಹೋಗಿ ಅದನ್ನು ತೋರಿಸುವುದು. ಆಮೇಲೆ ನೋಡಿದರೆ ಹೊಸ ವರ್ಡೇ ತೆರೆಯುತ್ತದೆ. ಹಳೆಯದು, ಹೊಸದು ಎರಡರ ಪ್ರೋಗ್ರಾಂ ಫೈಲಿನ ಹೆಸರೂ ‘ವಿನ್‌ವರ್ಡ್’. ವಿಂಡೋಸ್ ಈ ಪಟ್ಟಿಯನ್ನು ಹೆಸರಿನಿಂದ ಇಟ್ಟುಕೊಳ್ಳುವುದರಿಂದ, ನೀವು ಬೇರೆ ಫೋಲ್ಡರ್ ತೋರಿಸಿದರೂ ಅದಕ್ಕೆ ತಾನು ಮೊದಲೇ ಬಲ್ಲ ವಿನ್‌ವರ್ಡೇ ನೆನಪಾಗುತ್ತದೆ.

ಹಾಗಾಗಿ ಡಬಲ್ ಕ್ಲಿಕ್ ಹೊಸದಕ್ಕೇ ಇರಲಿ ಅಂತ ಬಿಟ್ಟುಬಿಡಿ. ಹಳೆಯದಕ್ಕೆ ‘ಸೆಂಡ್ ಟು’ ದಾರಿ ಮಾಡಿ. ನನಗೆ ಇದಕ್ಕಿಂತ ನಂಬಿಕಸ್ಥ ಉಪಾಯ ಸಿಕ್ಕಿಲ್ಲ.

ಸಿ ಡ್ರೈವಿನಲ್ಲಿ ‘ಪ್ರೋಗ್ರಾಂ ಫೈಲ್ಸ್ ಎಕ್ಸ್86’ ಒಳಗೆ ‘ಮೈಕ್ರೋಸಾಫ್ಟ್ ಆಫೀಸ್’, ಅದರೊಳಗೆ ‘ಆಫೀಸ್11’ ಫೋಲ್ಡರ್ ಇದೆ. ಹೊಸದು ಅದೇ ‘ಮೈಕ್ರೋಸಾಫ್ಟ್ ಆಫೀಸ್’ ಒಳಗೆ ‘ರೂಟ್’, ಅದರೊಳಗೆ ‘ಆಫೀಸ್16’ರಲ್ಲಿ ಇರುತ್ತದೆ. ಆಫೀಸ್11ರಲ್ಲಿರುವ ವಿನ್‌ವರ್ಡಿನ ಮೇಲೆ ರೈಟ್ ಕ್ಲಿಕ್ ಮಾಡಿ ಡೆಸ್ಕ್‌ಟಾಪಿಗೆ ಶಾರ್ಟ್‌ಕಟ್ ಕಳಿಸಿ. ಅದಕ್ಕೆ ‘ಹಳೆ ವರ್ಡ್ 2003’ ಅಂತ ಕನ್ನಡದಲ್ಲೇ ಹೆಸರಿಡಿ. ಎಕ್ಸೆಲಿಗೂ ಹಾಗೇ.

ಈಗ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಶೆಲ್, ಕೋಲನ್, ಸೆಂಡ್‌ಟು ಅಂತ ಸ್ಪೇಸ್ ಇಲ್ಲದೆ ಟೈಪ್ ಮಾಡಿ ಎಂಟರ್ ಕೊಡಿ. ಒಂದು ಫೋಲ್ಡರ್ ತೆರೆಯುತ್ತದೆ. ನಿಮ್ಮ ಶಾರ್ಟ್‌ಕಟ್‌ಗಳ ನಕಲನ್ನು ಅದರಲ್ಲಿ ಹಾಕಿ. ಇನ್ನು ಮೇಲೆ ಯಾವ ಫೈಲಿನ ಮೇಲಾದರೂ ರೈಟ್ ಕ್ಲಿಕ್, ಸೆಂಡ್ ಟು, ಹಳೆ ವರ್ಡ್ 2003. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದಾಗ ಮೊದಲು ‘ಶೋ ಮೋರ್ ಆಪ್ಷನ್ಸ್’ ಒತ್ತಬೇಕು. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದರೆ ನೇರ ಹಳೆ ಮೆನುವೇ ಬರುತ್ತದೆ.

ಹಳೆ ಎಕ್ಸೆಲ್ ತೆರೆದಿರುವಾಗ ಹೊಸ ಫೈಲುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ, ಬೇಕಾದ ಎಕ್ಸೆಲ್ ಒಳಗಿನಿಂದ ಓಪನ್ ಮಾಡಿ. ವರ್ಡ್ ಫೈಲಿನ ಒಳಗೆ ಎಕ್ಸೆಲ್ ಪಟ್ಟಿ ಇಟ್ಟಿದ್ದರೆ, ಅದನ್ನು ಒತ್ತಿದಾಗ ಕೊನೆಯಲ್ಲಿ ರಿಜಿಸ್ಟರ್ ಆದ ಎಕ್ಸೆಲ್ ತೆರೆಯುತ್ತದೆ. ನಿಮ್ಮ ಲೆಕ್ಕದ ಸಾಫ್ಟ್‌ವೇರ್ ‘ಎಕ್ಸೆಲಿಗೆ ಕಳಿಸು’ ಅಂದಾಗಲೂ ಅಷ್ಟೇ.

ಮ್ಯಾಕ್ರೋ ಮತ್ತು ಟೆಂಪ್ಲೇಟ್

ಇಲ್ಲಿ ಒಂದು ಒಳ್ಳೆಯ ಸುದ್ದಿ, ಒಂದು ಕೆಟ್ಟ ಸುದ್ದಿ. ವರ್ಡ್ 2003 ‘ನಾರ್ಮಲ್ ಡಾಟ್’ ಬಳಸುತ್ತದೆ. 2007ರಿಂದ ಈಚಿನವು ಕೊನೆಗೆ ಎಮ್ ಇರುವ ‘ನಾರ್ಮಲ್ ಡಾಟ್‌ಎಮ್’ ಬಳಸುತ್ತವೆ. ಆದ್ದರಿಂದ 2003 ಮತ್ತು ಹೊಸದರ ನಡುವೆ ಇದರಲ್ಲಿ ಜಗಳ ಇಲ್ಲ. 2007 ಅಥವಾ 2010ರ ಜೊತೆ ಹೊಸದನ್ನು ಇಟ್ಟುಕೊಂಡವರಿಗೆ ಮಾತ್ರ ಒಂದೇ ಫೈಲನ್ನು ಇಬ್ಬರೂ ತಿದ್ದುವ ತೊಂದರೆ ಇದೆ. ಹಳೆಯದರಲ್ಲಿ ಫಾಂಟ್ ಸೈಜ್ ಬದಲಿಸಿದರೆ ಹೊಸದರಲ್ಲೂ ಬದಲಾಗಿ ಕೂತಿರುತ್ತದೆ.

ಕೆಟ್ಟ ಸುದ್ದಿ ‘ಸ್ಟಾರ್ಟಪ್’ ಫೋಲ್ಡರಿನದು. ವರ್ಡ್ ಏಳುವಾಗ ತಾನಾಗಿ ತೆರೆಯುವ ಟೆಂಪ್ಲೇಟುಗಳನ್ನು ಇಡುವ ಈ ಫೋಲ್ಡರ್ ಎಲ್ಲ ವರ್ಷನ್‌ಗಳಿಗೂ ಒಂದೇ. ನೀವು ಹಳೆ ವರ್ಡಿಗೆ ಅಂತ ಇಟ್ಟ ಮ್ಯಾಕ್ರೋ ಟೆಂಪ್ಲೇಟ್ ಹೊಸ ವರ್ಡಿನಲ್ಲೂ ತೆರೆದು ದೋಷದ ಸಂದೇಶ ಕೊಡುತ್ತದೆ. ಎಕ್ಸೆಲಿನ ‘ಎಕ್ಸ್‌ಎಲ್ ಸ್ಟಾರ್ಟ್’ ಫೋಲ್ಡರ್ ಕೂಡ ಹೀಗೇ. ಪರಿಹಾರ ಸುಲಭ. ಹಳೆ ವರ್ಡಿನಲ್ಲಿ ಟೂಲ್ಸ್, ಆಪ್ಷನ್ಸ್, ಫೈಲ್ ಲೊಕೇಷನ್ಸ್ ಟ್ಯಾಬಿಗೆ ಹೋಗಿ, ಸ್ಟಾರ್ಟಪ್ ಜಾಗವನ್ನು ಬೇರೊಂದು ಫೋಲ್ಡರಿಗೆ ಬದಲಿಸಿ, ಟೆಂಪ್ಲೇಟನ್ನು ಅಲ್ಲಿಗೆ ಸಾಗಿಸಿ.

ಹೊಸ ಆಫೀಸಿನಲ್ಲಿ ಇಮೇಲಿನಿಂದ ಇಳಿಸಿದ ಮ್ಯಾಕ್ರೋ ಫೈಲ್ ಕೆಂಪು ಪಟ್ಟಿ ತೋರಿಸಿ ನಿಂತರೆ ಅದು ವರ್ಷನ್ ತೊಂದರೆ ಅಲ್ಲ. 2022ರಿಂದ ಇಂಟರ್ನೆಟ್ಟಿನಿಂದ ಬಂದ ಮ್ಯಾಕ್ರೋಗಳನ್ನು ತಡೆಯುತ್ತಾರೆ. ಕಳಿಸಿದವರು ನಿಮಗೆ ಗೊತ್ತು, ಫೈಲ್ ನಿಮ್ಮದೇ ಅಂತ ಖಾತ್ರಿ ಇದ್ದರೆ, ಫೈಲಿನ ಪ್ರಾಪರ್ಟೀಸ್ ತೆರೆದು ಕೆಳಗಿನ ‘ಅನ್‌ಬ್ಲಾಕ್’ ಟಿಕ್ ಮಾಡಿ.

ಫೈಲು ಅಲ್ಲಿಂದಿಲ್ಲಿಗೆ ಓಡಾಡುವಾಗ

ಹಳೆ ವರ್ಡಿಗೆ ಹೊಸ ವರ್ಡಿನ ಡಾಕ್ಸ್ ಫೈಲ್ ಅರ್ಥವಾಗುವುದಿಲ್ಲ. ಅದನ್ನು ಓದಿಸಲು ಮೈಕ್ರೋಸಾಫ್ಟ್ ಕೊಟ್ಟಿದ್ದ ಕಂಪ್ಯಾಟಿಬಿಲಿಟಿ ಪ್ಯಾಕನ್ನು 2018ರಲ್ಲಿ ನಿಲ್ಲಿಸಿದರು. ಹಾಗಾಗಿ ಹೊಸದರಲ್ಲೇ ತೆರೆದು, ಸೇವ್ ಆ್ಯಸ್ ಒಳಗೆ ‘ವರ್ಡ್ 97-2003 ಡಾಕ್ಯುಮೆಂಟ್’ ಆರಿಸಿ ಉಳಿಸಿ. ಪಕ್ಕಪಕ್ಕದಲ್ಲೇ ಎರಡೂ ಇರುವಾಗ ಇದೇನು ಕಷ್ಟವಲ್ಲ.

ಎಕ್ಸೆಲಿನಲ್ಲಿ ಮಾತ್ರ ಮೈಮೇಲೆ ಎಚ್ಚರ ಇರಲಿ. ಹಳೆ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ ಹಿಡಿಯುವುದು 65,536 ಸಾಲು, 256 ಕಾಲಂ. ಹೊಸದರಲ್ಲಿ 10,48,576 ಸಾಲು, 16,384 ಕಾಲಂ. ಹೊಸದನ್ನು ಹಳೆ ರೂಪಕ್ಕೆ ಉಳಿಸಿದರೆ ಮಿತಿ ಮೀರಿದ ಸಾಲುಗಳು ಹೋಗುತ್ತವೆ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಕೋವಿಡ್ ಲೆಕ್ಕದಲ್ಲಿ 15,841 ಪ್ರಕರಣಗಳು ಸಕಾಲಕ್ಕೆ ಸೇರದೆ ಬಿಟ್ಟುಹೋದವು. ಪ್ರಯೋಗಾಲಯದ ಮಾಹಿತಿಯನ್ನು ಈ ಹಳೆ ಎಕ್ಸ್‌ಎಲ್‌ಎಸ್ ರೂಪಕ್ಕೆ ತುಂಬುತ್ತಿದ್ದದ್ದೇ ಕಾರಣ ಅಂತ ಆಗ ಸುದ್ದಿಯಾಗಿತ್ತು. ಅಷ್ಟು ದೊಡ್ಡ ಕಚೇರಿಗೇ ಹೀಗಾದರೆ ನಮ್ಮ ಸೊಸೈಟಿ ಲೆಡ್ಜರ್ ಯಾವ ಲೆಕ್ಕ?

ಸೂತ್ರಗಳೂ ಅಷ್ಟೇ. ಎಕ್ಸ್‌ಲುಕಪ್ ಹಳೆಯದಕ್ಕೆ ಗೊತ್ತಿಲ್ಲ. ಸಮ್‌ಇಫ್ಸ್, ಇಫ್‌ಎರರ್ ಕೂಡ 2007ರಲ್ಲಿ ಬಂದವು. ಹೊಸದರಲ್ಲಿ ಹಳೆ ರೂಪಕ್ಕೆ ಉಳಿಸುವಾಗ ‘ಕಂಪ್ಯಾಟಿಬಿಲಿಟಿ ಚೆಕರ್’ ಪಟ್ಟಿ ಬಂದರೆ ಸುಮ್ನೆ ಕಂಟಿನ್ಯೂ ಒತ್ತಬೇಡಿ, ಓದಿ. ಮೂಲ ಫೈಲನ್ನು ಯಾವಾಗಲೂ ಹೊಸ ರೂಪದಲ್ಲೇ ಇಟ್ಟು, ಹಳೆಯದಕ್ಕೆ ಬೇರೆ ಹೆಸರಿನ ನಕಲು ಕೊಡಿ.

ಹಳೆ ಆಫೀಸಿಗೆ ಬೇಲಿ

ಆಫೀಸ್ 2003ಕ್ಕೆ ಭದ್ರತಾ ಅಪ್‌ಡೇಟ್ 2014ರ ಏಪ್ರಿಲ್‌ನಲ್ಲಿ ನಿಂತಿತು. 2007ಕ್ಕೆ 2017ರಲ್ಲಿ, 2010ಕ್ಕೆ 2020ರಲ್ಲಿ. ಮೇಲೆ ಹೇಳಿದ ಇಕ್ವೇಷನ್ ಎಡಿಟರಿನ ತೂತು ನಿಮ್ಮ 2003ರಲ್ಲಿ ಇನ್ನೂ ತೆರೆದೇ ಇದೆ. ಕಳ್ಳ ಫೈಲೊಂದನ್ನು ತೆರೆದರೆ ಸಾಕು, ಮ್ಯಾಕ್ರೋ ಒತ್ತಬೇಕಂತಲೂ ಇಲ್ಲ.

ಅದಕ್ಕೆ ಒಂದೇ ಕಟ್ಟುನಿಟ್ಟು: ಹಳೆ ವರ್ಡಿನಲ್ಲಿ ತೆರೆಯುವುದು ನಿಮ್ಮದೇ ಹಳೆ ಫೈಲುಗಳನ್ನು ಮಾತ್ರ. ಇಮೇಲಿನಲ್ಲಿ, ವಾಟ್ಸ್ಆ್ಯಪಿನಲ್ಲಿ ಬಂದದ್ದು ಏನಿದ್ದರೂ ಹೊಸದರಲ್ಲಿ. ಡಬಲ್ ಕ್ಲಿಕ್ಕನ್ನು ಹೊಸದಕ್ಕೇ ಬಿಡಿ ಅಂದದ್ದಕ್ಕೆ ಇದೂ ಒಂದು ಕಾರಣ. ಹಳೆ ಆಫೀಸಿನಲ್ಲಿ ಟೂಲ್ಸ್, ಮ್ಯಾಕ್ರೋ, ಸೆಕ್ಯೂರಿಟಿಗೆ ಹೋಗಿ ‘ಮೀಡಿಯಂ’ ಇಡಿ, ‘ಲೋ’ ಬೇಡವೇ ಬೇಡ.

ಇಷ್ಟೆಲ್ಲ ಬೇಡ ಅನ್ನುವವರಿಗೆ: ವರ್ಚುವಲ್ ಮಷೀನ್

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್. 8 ಜಿಬಿ ರಾಮ್ ಇದ್ದರೆ ನಡೆಯುತ್ತದೆ, 16 ಇದ್ದರೆ ಆರಾಮ. ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ವಿಂಡೋಸ್ ಪ್ರೊ ಇದ್ದರೆ ಹೈಪರ್-ವಿ ಒಳಗೇ ಇದೆ, ಹೋಮ್‌ನಲ್ಲಿ ಇಲ್ಲ. ವಿಂಡೋಸ್ ಸ್ಯಾಂಡ್‌ಬಾಕ್ಸ್ ಈ ಕೆಲಸಕ್ಕೆ ಬರುವುದಿಲ್ಲ, ಮುಚ್ಚಿದ ಕೂಡಲೇ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ವರ್ಚುವಲ್‌ಬಾಕ್ಸಿನಲ್ಲಿ ಹೊಸ ಮಷೀನ್ ಮಾಡಿ, ನಿಮ್ಮಲ್ಲಿ ಲೈಸೆನ್ಸ್ ಇರುವ ಹಳೆ ವಿಂಡೋಸ್ ಹಾಕಿ, ಅದರೊಳಗೆ ಹಳೆ ಆಫೀಸ್, ನುಡಿ ಫಾಂಟ್, ಪ್ರಿಂಟರ್ ಬದಲು ಒಂದು ಪಿಡಿಎಫ್ ಪ್ರಿಂಟರ್ ಹಾಕಿ. ಎಲ್ಲ ಸರಿ ಇದೆ ಅಂದ ಮೇಲೆ ಸೆಟ್ಟಿಂಗ್ಸಿನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಆಫ್ ಮಾಡಿ, ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಏನೇ ಕೆಟ್ಟರೂ ಆ ಸ್ಥಿತಿಗೆ ವಾಪಸ್ ಬರಬಹುದು. ಫೈಲು ಕೊಟ್ಟು ತೆಗೆದುಕೊಳ್ಳಲು ‘ಶೇರ್ಡ್ ಫೋಲ್ಡರ್’ ಮಾಡಿ, ಅದಕ್ಕೆ ‘ಗೆಸ್ಟ್ ಅಡಿಷನ್ಸ್’ ಒಳಗೆ ಹಾಕಿರಬೇಕು. ಆ ಒಂದು ಫೋಲ್ಡರ್ ಬಿಟ್ಟು ಇಡೀ ಡ್ರೈವನ್ನು ಹಂಚಬೇಡಿ.

ಹೊಸ ಆಫೀಸ್ 64 ಬಿಟ್‌ನಲ್ಲೇ ಇರಲಿ ಅನ್ನುವವರಿಗೆ, ಎರಡು ಔಟ್‌ಲುಕ್ ಬೇಕಾದವರಿಗೆ ಇದೇ ಸರಿಯಾದ ದಾರಿ. ದಿನಕ್ಕೆ ಹತ್ತು ಸಲ ಹಳೆ ವರ್ಡ್ ತೆರೆಯುವವರಿಗೆ ಮಾತ್ರ ಇದು ಬೇಸರ ತರಿಸುತ್ತದೆ.

ಬರೀ ಹಳೆ ಫೈಲು ತೆರೆದು ನೋಡಬೇಕು, ಪ್ರಿಂಟ್ ಹಾಕಬೇಕು ಅಷ್ಟೇ ಅಂದರೆ ಲಿಬ್ರೆ ಆಫೀಸ್ ಹಾಕಿ. ಉಚಿತ, ಮೈಕ್ರೋಸಾಫ್ಟ್ ಆಫೀಸಿನ ಯಾವ ವರ್ಷನ್ ಜೊತೆಗೂ ತಕರಾರಿಲ್ಲ. ಹೊಸ ವರ್ಡ್ ‘ಫೈಲ್ ಬ್ಲಾಕ್’ ಅಂತ ನಿಲ್ಲಿಸುವ ತೊಂಬತ್ತರ ದಶಕದ ಎಷ್ಟೋ ಫೈಲುಗಳು ಅದರಲ್ಲಿ ತೆರೆಯುತ್ತವೆ. ಇನ್‌ಸ್ಟಾಲ್ ಮಾಡುವಾಗ ವರ್ಡ್, ಎಕ್ಸೆಲ್ ಫೈಲುಗಳನ್ನು ತಾನೇ ತೆರೆಯಲೇ ಅಂತ ಕೇಳುವ ಟಿಕ್ ಮಾತ್ರ ಹಾಕಬೇಡಿ.

ಮುಂದೊಂದು ದಿನ ಹಳೆಯದನ್ನು ತೆಗೆಯುವಾಗ

ಕಂಟ್ರೋಲ್ ಪ್ಯಾನೆಲಿನಿಂದ ಆಫೀಸ್ 2003 ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಹೋಗುವಾಗ ಅದು ಇಬ್ಬರೂ ಹಂಚಿಕೊಂಡಿದ್ದ ಕೆಲವು ರಿಜಿಸ್ಟ್ರಿ ನಮೂದುಗಳನ್ನೂ ಎಳೆದುಕೊಂಡು ಹೋಗಬಹುದು. ಫೈಲುಗಳ ಐಕಾನ್ ಬಿಳಿ ಆಗಬಹುದು, ಡಬಲ್ ಕ್ಲಿಕ್ ಮಾಡಿದರೆ ಏನೂ ತೆರೆಯದಿರಬಹುದು. ಗಾಬರಿ ಬೇಡ. ಅದೇ ಪಟ್ಟಿಯಲ್ಲಿ ಹೊಸ ಆಫೀಸನ್ನು ಆರಿಸಿ ‘ಚೇಂಜ್’ ಒತ್ತಿ, ಮೊದಲು ‘ಕ್ವಿಕ್ ರಿಪೇರ್’ ಕೊಡಿ. ಅದರಲ್ಲಿ ಸರಿಹೋಗದಿದ್ದರೆ ‘ಆನ್‌ಲೈನ್ ರಿಪೇರ್’. ಇದು ಇಂಟರ್ನೆಟ್ಟಿನಿಂದ ಇಡೀ ಆಫೀಸನ್ನು ಮತ್ತೆ ಇಳಿಸುತ್ತದೆ, ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೂತು ಮಾಡಬೇಡಿ. ಆಮೇಲೆ ಸೆಂಡ್ ಟು ಫೋಲ್ಡರಿನಲ್ಲಿ ಉಳಿದ ಶಾರ್ಟ್‌ಕಟ್ ಅಳಿಸಿ, ರಿಜಿಸ್ಟ್ರಿಯ 16.0 ಕೆಳಗೆ ಸೇರಿಸಿದ್ದ ಆ ಸಾಲನ್ನೂ ತೆಗೆಯಿರಿ.